ಅಳತೆ ಮತ್ತು ಆಸೆ

ರಾಯದುರ್ಗದ ಕೋಟೆಬೆಟ್ಟ ಕಾಣುವ ಒಂದು ಓಣಿಯಲ್ಲಿ ಹಳೆಯ ಲೇತ್ ಅಂಗಡಿಯೊಂದಿದೆ. ಬಾಗಿಲಿಗೆ ಎದುರಾಗಿ ನಿಂತಿರುವ ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಅದರ ಹಸಿರು ಬಣ್ಣ ಬಹುಪಾಲು ಅಳಿಸಿಹೋಗಿದ್ದರೂ ಹಾಸು ಇಂದಿಗೂ ಕನ್ನಡಿಯಂತಿದೆ. ಒಂದು ಕಾಲಕ್ಕೆ ಸುತ್ತಲಿನ ರೈತರು ತೆರೆದ ಬಾವಿಗಳ ಮೇಲೆ ಕೂರಿಸಿದ್ದ ಡೀಸೆಲ್ ಎಂಜಿನ್ನುಗಳೇ ಆ ಅಂಗಡಿಯ ಅನ್ನವಾಗಿದ್ದವು. ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದವು. ಎಂಜಿನ್ನುಗಳು ಹೋಗಿ ವಿದ್ಯುತ್ ಮೋಟಾರುಗಳು ಬಂದವು. ಈಗ ಊರಿನಲ್ಲಿ ಹೆಚ್ಚಾಗಿ ಕೇಳಿಬರುವುದು ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು. ಆದರೂ ಸವೆದ ಸಿಲಿಂಡರುಗಳನ್ನು ಚೀಲದಲ್ಲಿ ಸುತ್ತಿಕೊಂಡು ಬರುವವರು ತೀರ ಇಲ್ಲವಾಗಿಲ್ಲ. ಬಂದವರು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲಿ ಅಂಗಡಿಯ ಯಜಮಾನರು ಉತ್ತರಿಸುತ್ತಾರೆ. ಅಳತೆಯನ್ನು ಮಾತ್ರ ಅವರು ಯಾವಾಗಲೂ ಕನ್ನಡದಲ್ಲಿಯೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ.

ಅವರ ಸೋದರಳಿಯ ಮಡಕಶಿರದ ಕಡೆಯ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಗಡಿಯಾಚೆ ತುಮಕೂರಿನಲ್ಲಿ ಐಚ್ಛಿಕ ಕನ್ನಡದೊಂದಿಗೆ ಪದವಿ ಮುಗಿಸಿದ್ದನು. ಮುಂದೆ ಬಿ.ಎಡ್. ಮಾಡಿ ತನ್ನ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಮೇಷ್ಟ್ರಾಗಬೇಕೆಂಬ ಯೋಚನೆಯಿತ್ತು. ಪ್ರವೇಶಕ್ಕೆ ಇನ್ನೂ ಕೆಲವು ತಿಂಗಳುಗಳಿದ್ದುದರಿಂದ ಮಾವನ ಅಂಗಡಿಗೆ ಬಂದು ಸೇರಿದನು. ಬರುವಾಗ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಪುಸ್ತಕಗಳು, ಇನ್ನೊಂದರಲ್ಲಿ ಯೆಜ್ಡಿ ಮೋಟಾರುಸೈಕಲ್ಲಿನ ಎಂಜಿನ್ ಭಾಗಗಳು.

ಯೆಜ್ಡಿ ಮೈಸೂರಿನ ಕೂಸು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆಯನ್ನು ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಅದರ ಗಾಡಿಗಳು ಕನ್ನಡ ನಾಡಿನ ರಸ್ತೆಗಳಿಂದ ಇನ್ನೂ ಮರೆಯಾಗಿಲ್ಲ. ಅದರ 250 ಸಿ.ಸಿ. ಎಂಜಿನ್ನಿಗೆ ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 75 ಮಿಲಿಮೀಟರ್. ಹುಡುಗನ ಗಾಡಿ ಅನೇಕ ಕೈಗಳನ್ನು ದಾಟಿ ಬಂದದ್ದು. ಪ್ರತಿ ಬಾರಿ ಸವೆದಾಗಲೂ ಕಾಲು ಕಾಲು ಮಿಲಿಮೀಟರಿನಂತೆ ಕೊರೆದು ದೊಡ್ಡ ಪಿಸ್ಟನ್ ಹಾಕುತ್ತ ಬಂದು, ಮೆಕ್ಯಾನಿಕ್ಕುಗಳು ‘ಬ್ಲಾಕ್’ ಎಂದು ಕರೆಯುವ ಆ ಸಿಲಿಂಡರಿನಲ್ಲಿ ಇನ್ನು ಕೊರೆಯಲು ಎಡೆಯೇ ಉಳಿದಿರಲಿಲ್ಲ. ಒಳಗೆ ಹೊಸ ಕೊಳವೆಯೊಂದನ್ನು, ಅಂದರೆ ಸ್ಲೀವ್ ಒಂದನ್ನು, ಕೂರಿಸಿ ಮತ್ತೆ ಮೊದಲಿನ ಅಳತೆಗೆ ತರುವುದೊಂದೇ ದಾರಿಯಾಗಿತ್ತು.

ಹುಡುಗನ ಆಸೆ ಮೊದಲಿನ ಅಳತೆಯಲ್ಲಿ ನಿಲ್ಲುವಂಥದ್ದಲ್ಲ. ಬೆಂಗಳೂರಿನ ಕಡೆ ನಡೆಯಲಿದ್ದ ಕಾಲು ಮೈಲಿಯ ನೇರ ಓಟಕ್ಕೆ ಗೆಳೆಯರು ಹೆಸರು ಕೊಟ್ಟಿದ್ದರು. ಇವನೂ ಕೊಟ್ಟಿದ್ದನು. ನೆಲಗಡಲೆ ಮಾರಿದ ಹಣದಲ್ಲಿ ತಂದೆ ಕೊಟ್ಟದ್ದನ್ನು ಕೂಡಿಟ್ಟು, ಬೇರೊಂದು ಗಾಡಿಗಾಗಿ ತಯಾರಾದ ಫೋರ್ಜ್ಡ್ ಪಿಸ್ಟನ್ ಒಂದನ್ನು ತರಿಸಿಕೊಂಡಿದ್ದನು. ಅದರ ವ್ಯಾಸ 66 ಮಿಲಿಮೀಟರ್. ಸ್ಲೀವನ್ನು ಹೇಗೂ ಹೊಸದಾಗಿ ಕೊರೆಯುವುದರಿಂದ ಪಿಸ್ಟನ್ನಿಗೆ ತಕ್ಕಂತೆ ಕೊರೆದರಾಯಿತು ಎಂಬುದು ಅವನ ಲೆಕ್ಕ.

ಮಾವ ಪಿಸ್ಟನ್ನನ್ನು ಅಂಗೈಯಲ್ಲಿಟ್ಟು ತೂಗಿದರು. ಬಳಿಕ ಹಳೆಯ ಪಿಸ್ಟನ್ನನ್ನು ಅದರ ಪಕ್ಕದಲ್ಲಿ ನಿಲ್ಲಿಸಿ, ಎರಡರ ಪಿನ್ ರಂಧ್ರಗಳ ಮೂಲಕ ಒಂದೇ ಕಂಬಿಯನ್ನು ತೂರಿಸಲು ನೋಡಿದರು. ಕಂಬಿ ಹೊಸದರೊಳಗೆ ಹೋಗಲಿಲ್ಲ.

“ಮೊದಲು ಅಳೀಬೇಕು ಅಳಿಯಾ, ಆಮೇಲೆ ಆಸೆಪಡಬೇಕು” ಎಂದರು.

ಹುಡುಗನು ಅಳೆದು ನೋಡಿದನು. ಪಿನ್ನಿನ ನಡುವಿನಿಂದ ಪಿಸ್ಟನ್ನಿನ ನೆತ್ತಿಯವರೆಗಿನ ಎತ್ತರ ಹಳೆಯದಕ್ಕಿಂತ 3 ಮಿಲಿಮೀಟರ್ ಕಡಿಮೆಯಿತ್ತು. ಯೆಜ್ಡಿಯಂಥ ಎರಡು ಹೊಡೆತದ ಎಂಜಿನ್ನಿನಲ್ಲಿ ಬೇರೆ ಕವಾಟಗಳಿರುವುದಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳೆಂಬ ಕಿಟಕಿಗಳನ್ನು ತೆರೆಯುವುದೂ ಮುಚ್ಚುವುದೂ ಪಿಸ್ಟನ್ನೇ. ನೆತ್ತಿ 3 ಮಿಲಿಮೀಟರ್ ತಗ್ಗಿದರೆ ಹೊಗೆ ಹೊರಹೋಗುವ ವೇಳೆಯೂ ಹೊಸ ಗಾಳಿ ಒಳಬರುವ ವೇಳೆಯೂ ಬದಲಾಗುತ್ತವೆ. ಮೇಲೆ ಒತ್ತಡ ಕುಗ್ಗುತ್ತದೆ. ಅದೂ ಅಲ್ಲದೆ ರಿಂಗುಗಳ ಬಾಯಿಯನ್ನು ಒಂದೆಡೆ ನಿಲ್ಲಿಸುವ ಚಿಕ್ಕ ಮೊಳೆ ಈ ಪಿಸ್ಟನ್ನಿನಲ್ಲಿ ಬೇರೆ ಕಡೆಗಿತ್ತು. ಯೆಜ್ಡಿಯ ಸಿಲಿಂಡರಿನಲ್ಲಿ ರಿಂಗಿನ ಬಾಯಿ ಕಿಟಕಿಯೊಂದರ ಮೇಲೆಯೇ ಹಾದುಹೋಗುತ್ತಿತ್ತು. ಅಲ್ಲಿ ರಿಂಗಿನ ತುದಿ ಸಿಕ್ಕಿಕೊಂಡರೆ ಮುರಿಯದೆ ಇರದು. ವ್ಯಾಸವೊಂದನ್ನು ನೋಡಿ ಪಿಸ್ಟನ್ ಕೊಂಡವನು ಹೀಗೆ ಎತ್ತರ, ಪಿನ್, ತೂಕ, ಮೊಳೆ ಎಂಬ ನಾಲ್ಕನ್ನು ಮರೆತಿದ್ದನು. ಆ ದಿನ ಅವನು ಊಟಮಾಡಲಿಲ್ಲ. ತಂದೆಯ ಹಣವನ್ನು ನೆನೆದು ಅವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮಾವ ಬೈಯಲಿಲ್ಲ. ಪಿಸ್ಟನ್ನನ್ನು ಗೂಡಿನಲ್ಲಿಟ್ಟು, ಫೋರ್ಜ್ಡ್ ಎಂದರೆ ಏನೆಂದು ತಿಳಿದುಕೊಂಡೇ ಕೊಂಡನೋ ಅಥವಾ ಹೆಸರಿಗೆ ಮರುಳಾಗಿಯೋ ಎಂದು ಮಾತ್ರ ಕೇಳಿದರು. ಅಲ್ಲಿಂದ ಕೆಲವು ಸಂಜೆಗಳ ಕಾಲ ಅಂಗಡಿಯಲ್ಲಿ ನಡೆದದ್ದು ಒಂದು ಬಗೆಯ ಪಾಠವೇ.

ಲೋಹಕ್ಕೆ ರೂಪ ಕೊಡುವ ದಾರಿಗಳಲ್ಲಿ ಎರಡು ಮುಖ್ಯ. ಕರಗಿಸಿ ಅಚ್ಚಿನಲ್ಲಿ ಹೊಯ್ಯುವುದು ಒಂದು. ಕಾಯಿಸಿ ಬಡಿದೋ ಒತ್ತಿಯೋ ರೂಪಿಸುವುದು ಇನ್ನೊಂದು. ಮೊದಲನೆಯದು ಎರಕದ ಪಿಸ್ಟನ್, ಎರಡನೆಯದು ಫೋರ್ಜ್ಡ್ ಪಿಸ್ಟನ್. ಮಾವ ಎರಕವನ್ನು ತೆಲುಗಿನವರೊಡನೆ ‘ಪೋತ’ ಎನ್ನುತ್ತಿದ್ದರು. ಕುಲುಮೆಯನ್ನು ‘ಕೊಲಿಮಿ’ ಎನ್ನುತ್ತಿದ್ದರು. ಹಳಗನ್ನಡದ ‘ಪೊಯ್’ ಧಾತುವನ್ನು ತರಗತಿಯಲ್ಲಿ ಕಲಿತಿದ್ದ ಹುಡುಗನಿಗೆ ‘ಪೋತ’ ಪರಕೀಯವೆನಿಸಲಿಲ್ಲ. ‘ಎರಕ’ಕ್ಕೆ ಹಳೆಯ ಕಾವ್ಯಭಾಷೆಯಲ್ಲಿ ಒಲವು ಎಂಬ ಅರ್ಥವೂ ಇದೆಯೆಂದು ಅವನು ಹೇಳಿದಾಗ ಮಾವ ನಕ್ಕು, ಒಲವಾದರೂ ಹೊಯ್ಯುವಾಗ ಗಾಳಿಗುಳ್ಳೆ ಸೇರದಂತೆ ನೋಡಿಕೊಳ್ಳಬೇಕು ಎಂದರು.

ಗಾಳಿಗುಳ್ಳೆಯ ಮಾತು ಬರಿಯ ಹಾಸ್ಯವಾಗಿರಲಿಲ್ಲ. ಎರಕದಲ್ಲಿ ಕಣ್ಣಿಗೆ ಕಾಣದ ಪೊಳ್ಳುಗಳು ಉಳಿಯಬಹುದು. ಒತ್ತಡಕ್ಕೆ ಸಿಕ್ಕಿ ರೂಪುಗೊಂಡ ಲೋಹದಲ್ಲಿ ಕಣಗಳು ದಟ್ಟವಾಗಿ, ಆಕಾರದ ಜಾಡಿನಲ್ಲೇ ಹರಿದು ನಿಲ್ಲುತ್ತವೆ. ಇಂಧನ ಅಕಾಲದಲ್ಲಿ ಸಿಡಿದಾಗ ಎರಕದ ಪಿಸ್ಟನ್ ಬಿರುಕುಬಿಡಬಹುದು. ಫೋರ್ಜ್ಡ್ ಪಿಸ್ಟನ್ ಜಜ್ಜಿಕೊಂಡಾದರೂ ತುಂಡಾಗದೆ ಉಳಿಯುವ ಸಂಭವ ಹೆಚ್ಚು. ಓಟದ ಎಂಜಿನ್ನುಗಳಿಗೆ ಅದನ್ನು ಆರಿಸುವುದು ಇದಕ್ಕಾಗಿ. ಆದರೆ ಫೋರ್ಜ್ಡ್ ಎಂಬ ಒಂದು ಹೆಸರಿನೊಳಗೆ ಎರಡು ಮುಖ್ಯ ಮಿಶ್ರಲೋಹಗಳಿವೆ. 4032 ಎಂಬುದರಲ್ಲಿ ಸುಮಾರು 12 ಪ್ರತಿಶತ ಸಿಲಿಕಾನ್ ಇರುತ್ತದೆ. ಸಿಲಿಕಾನ್ ಇದ್ದಷ್ಟೂ ಅಲ್ಯೂಮಿನಿಯಂ ಕಡಿಮೆ ಹಿಗ್ಗುತ್ತದೆ, ಕಡಿಮೆ ಸವೆಯುತ್ತದೆ. 2618 ಎಂಬುದರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಅದು ಹೆಚ್ಚು ಪೆಟ್ಟು ತಾಳುತ್ತದೆ. ಆದರೆ ಹೆಚ್ಚು ಹಿಗ್ಗುವುದರಿಂದ ಅದರ ಸುತ್ತ ಹೆಚ್ಚು ಎಡೆ ಬಿಡಬೇಕು. ತಣ್ಣಗಿರುವಾಗ ಅದು ಸಿಲಿಂಡರಿನಲ್ಲಿ ಅಲುಗಾಡಿ ಟಕಟಕನೆ ಸದ್ದು ಮಾಡುತ್ತದೆ, ಬೇಗನೆ ಸವೆಯುತ್ತದೆ. ಕಾಲು ಮೈಲಿ ಓಡಿ ಮತ್ತೆ ಬಿಚ್ಚುವ ಎಂಜಿನ್ನಿಗೆ ಅದು ಸರಿ. ಪ್ರತಿದಿನ ಹಳ್ಳಿಯಿಂದ ಪೇಟೆಗೆ ಓಡಬೇಕಾದ ಗಾಡಿಗೆ ಅದೇ ಒಳ್ಳೆಯದೆಂದು ಹೇಳಲಾಗದು. ಬಲವಾದದ್ದು ಎಲ್ಲ ಕಡೆಗೂ ತಕ್ಕದ್ದಲ್ಲ ಎಂಬುದನ್ನು ಹುಡುಗನು ಹಣ ಕಳೆದುಕೊಂಡ ಮೇಲೆ ಕಲಿತನು.

ಸ್ಲೀವಿನ ಆಯ್ಕೆಯೂ ಸುಲಭವಾಗಿರಲಿಲ್ಲ. ಡೀಸೆಲ್ ಎಂಜಿನ್ನುಗಳ ಕಾಲದಲ್ಲಿ ಮಾವ ಹೆಚ್ಚಾಗಿ ಕೂರಿಸುತ್ತಿದ್ದುದು ನೀರಿಗೆ ನೇರವಾಗಿ ಮೈಯೊಡ್ಡುವ ಕೊಳವೆಗಳನ್ನು. ಯೆಜ್ಡಿಗೆ ನೀರಿಲ್ಲ, ಗಾಳಿಯೇ ತಂಪು. ಪಿಸ್ಟನ್ನಿನ ಉರಿ ರಿಂಗುಗಳ ಮೂಲಕ ಸ್ಲೀವಿಗೆ, ಸ್ಲೀವಿನಿಂದ ಹೊರಗಿನ ಸಿಲಿಂಡರಿಗೆ, ಅಲ್ಲಿಂದ ರೆಕ್ಕೆಗಳಿಗೆ ಹರಿದು ಗಾಳಿಗೆ ಸೇರಬೇಕು. ಸ್ಲೀವಿಗೂ ಸಿಲಿಂಡರಿಗೂ ನಡುವೆ ಕಾಗದದಷ್ಟು ಸಂದು ಉಳಿದರೂ ಅಲ್ಲಿ ಉರಿಯ ದಾರಿ ಮುಚ್ಚುತ್ತದೆ. ಆದುದರಿಂದ ಸ್ಲೀವಿನ ಹೊರಮೈಯನ್ನು ಸಿಲಿಂಡರಿನ ಕೊರೆತಕ್ಕಿಂತ ಸುಮಾರು 0.05 ಮಿಲಿಮೀಟರ್ ದೊಡ್ಡದಾಗಿಯೇ ಕಡೆಯಬೇಕು. ಸಿಲಿಂಡರನ್ನು ಕಾಯಿಸಿ ಹಿಗ್ಗಿಸಿ ಸ್ಲೀವನ್ನು ಇಳಿಸಬೇಕು. ಆರಿದಾಗ ಅದು ಕಚ್ಚಿ ಹಿಡಿಯಬೇಕು. ಹೊರಗಿನ ಸಿಲಿಂಡರು ಅಲ್ಯೂಮಿನಿಯಂ ಆಗಿದ್ದರೆ ಬಿಗಿತ ಇನ್ನೂ ಹೆಚ್ಚು ಬೇಕು. ಏಕೆಂದರೆ ಓಡುವಾಗ ಅಲ್ಯೂಮಿನಿಯಂ ಕಬ್ಬಿಣವನ್ನು ಬಿಟ್ಟು ಹೊರಗೆ ಹಿಗ್ಗುತ್ತದೆ. ಯೆಜ್ಡಿಯದು ಕಬ್ಬಿಣದೊಳಗೆ ಕಬ್ಬಿಣ. ಎರಡೂ ಒಂದೇ ಹದದಲ್ಲಿ ಹಿಗ್ಗುತ್ತವೆ. ಕಿಟಕಿಗಳು ಒಂದಕ್ಕೊಂದು ಕೂಡಬೇಕು, ಅವುಗಳ ಅಂಚನ್ನು ರಿಂಗಿಗೆ ತಾಗದಂತೆ ಉಜ್ಜಿ ನುಣುಪಾಗಿಸಬೇಕು. ಬಿಗಿಯಾಗಿ ಕೂತ ಸ್ಲೀವು ತುಸು ಸೊಟ್ಟಗಾಗುವುದು ಸಹಜವಾದುದರಿಂದ ಒಳಗಿನ ಕೊನೆಯ ಕೊರೆತ ಕೂರಿಸಿದ ಮೇಲೆಯೇ ಆಗಬೇಕು. ಆ ಕೊರೆತಕ್ಕೆ ಮುಂಚೆ ಪಿಸ್ಟನ್ ಕೈಯಲ್ಲಿರಬೇಕು. ಪಿಸ್ಟನ್ನಿಗೆ ಸಿಲಿಂಡರೇ ಹೊರತು ಸಿಲಿಂಡರಿಗೆ ಪಿಸ್ಟನ್ನಲ್ಲ ಎಂಬುದು ಆ ಅಂಗಡಿಯ ನಿಯಮ.

ಕೊನೆಗೆ ಆರಿಸಿದ್ದು ಯೆಜ್ಡಿಯ ಅಳತೆಯದೇ ಆದ, ಸಿಲಿಕಾನ್ ಬೆರೆತ ಎರಕದ ಪಿಸ್ಟನ್. ಹುಡುಗನ ಮುಖ ಸಪ್ಪಗಾಯಿತು. ಆದರೆ ಅವನು ಓಡಿಸಬೇಕಾದ ನೆಲ ಯಾವುದೆಂಬುದನ್ನೂ ಮಾವ ನೆನಪಿಸಿದರು. ಅನಂತಪುರ ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ರಾಯದುರ್ಗದ ಉತ್ತರಕ್ಕೆ ಕಣೇಕಲ್ಲು, ಬೊಮ್ಮನಹಾಳದ ಕಡೆ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬಗಳಾಗಿ ನಿಂತಿದೆ. ಆ ಮರಳಿನ ಕಣ ಸಿಲಿಂಡರಿನ ಕಬ್ಬಿಣಕ್ಕಿಂತ ಗಡಸು. ಗಾಳಿಯ ಸೋಸುಪೆಟ್ಟಿಗೆಯನ್ನು ಕಿತ್ತೆಸೆದು ವೇಗ ಹೆಚ್ಚಿಸುವವನ ಎಂಜಿನ್ನಿನಲ್ಲಿ ಯಾವ ಸ್ಲೀವೂ ಬಹುಕಾಲ ಬಾಳದು.

ಎಲ್ಲಕ್ಕಿಂತ ಮುಖ್ಯವಾದದ್ದು ಪಿಸ್ಟನ್ನಿಗೂ ಸ್ಲೀವಿಗೂ ನಡುವಿನ ಎಡೆ. 65 ಮಿಲಿಮೀಟರಿನ ಶುದ್ಧ ಅಲ್ಯೂಮಿನಿಯಂ ಬಿಲ್ಲೆ 100 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.15 ಮಿಲಿಮೀಟರ್ ಹಿಗ್ಗುತ್ತದೆ. ಅದೇ ಅಳತೆಯ ಎರಕದ ಕಬ್ಬಿಣ ಹಿಗ್ಗುವುದು 0.07ರಷ್ಟು ಮಾತ್ರ. ಎರಡರ ನಡುವಿನ ವ್ಯತ್ಯಾಸ ಒಂದು ತಲೆಗೂದಲಿನ ದಪ್ಪ. ಅಷ್ಟು ಎಡೆಯನ್ನು ಮೊದಲೇ ಬಿಡದಿದ್ದರೆ ಓಡುತ್ತಿರುವಾಗಲೇ ಪಿಸ್ಟನ್ ಗೋಡೆಯನ್ನು ಹಿಡಿದುಕೊಳ್ಳುತ್ತದೆ, ಹಿಂದಿನ ಚಕ್ರ ನಿಂತುಬಿಡುತ್ತದೆ. ಎರಡು ಹೊಡೆತದ ಗಾಡಿಗೆ ಇಳಿಜಾರು ಇನ್ನೂ ಅಪಾಯ. ಅದರ ಎಣ್ಣೆ ಬರುವುದು ಪೆಟ್ರೋಲಿನೊಂದಿಗೆ; ಇಳಿಯುವಾಗ ಆ್ಯಕ್ಸಿಲರೇಟರನ್ನು ಪೂರ್ತಿ ಮುಚ್ಚಿದರೆ ಎಣ್ಣೆಯೂ ನಿಲ್ಲುತ್ತದೆ. ಹಳೆಯ ಸವಾರರು ಎಡಗೈಯ ಎರಡು ಬೆರಳುಗಳನ್ನು ಸದಾ ಕ್ಲಚ್ಚಿನ ಮೇಲೆ ಇಡುತ್ತಿದ್ದುದು ಇದಕ್ಕಾಗಿಯೇ.

ಇದನ್ನು ಹೇಳುವಾಗ ಮಾವ ಲೇತನ್ನು ನಿಲ್ಲಿಸಿದ್ದರು. ಬಹಳ ವರ್ಷಗಳ ಹಿಂದೆ, ಗಿರಾಕಿಯ ಅವಸರಕ್ಕೆ ಮಣಿದು, ಎಡೆ ಸಾಲದೆಂಬ ಅನುಮಾನವಿದ್ದೂ ಅವರು ಸಿಲಿಂಡರೊಂದನ್ನು ಕೊಟ್ಟುಬಿಟ್ಟಿದ್ದರು. ಆ ಗಾಡಿ ಇಳಿಜಾರಿನಲ್ಲಿ ಹಿಡಿದುಕೊಂಡಿತು. ಸವಾರ ಬದುಕಿದನು, ಅವನ ಕಾಲು ಮೊದಲಿನಂತಾಗಲಿಲ್ಲ. ಅವನು ಈಗಲೂ ಸಂತೆಯ ದಿನ ಅಂಗಡಿಯ ಮುಂದೆ ಹಾದುಹೋಗುತ್ತಾನೆ, ಮಾವನನ್ನು ಕಂಡರೆ ನಮಸ್ಕಾರವನ್ನೂ ಮಾಡುತ್ತಾನೆ. ಆ ನಮಸ್ಕಾರಕ್ಕೆ ತಲೆಯೆತ್ತಿ ಮರುನಮಸ್ಕಾರ ಮಾಡುವುದು ತನ್ನಿಂದ ಇನ್ನೂ ಆಗಿಲ್ಲವೆಂದು ಮಾವ ಹೇಳಿದರು.

ಅವರ ಕಣ್ಣುಗಳಿಗೆ ಪೊರೆ ಬರತೊಡಗಿತ್ತು. ಮೈಕ್ರೋಮೀಟರಿನ ಗೆರೆಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವು. ಆದ್ದರಿಂದ ಗುರುವಾರ ಸಂಜೆ, ಸಾಣೆಕಲ್ಲುಗಳನ್ನು ತಿರುಗಿಸಿ ಗೋಡೆಯ ಮೇಲೆ ಓರೆಗೆರೆಗಳ ಹೆಣಿಗೆಯನ್ನು ಮೂಡಿಸಿದ ಮೇಲೆ, ಅಳೆಯುವ ಕೆಲಸವನ್ನು ಅಳಿಯನಿಗೇ ಬಿಟ್ಟರು. ಆ ಗೆರೆಗಳೇ ಎಣ್ಣೆಯನ್ನು ಹಿಡಿದಿಡುವ ಕಾಲುವೆಗಳು. ಪಿಸ್ಟನ್ನನ್ನು ಅದರ ಅಂಚಿನ ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ ಅಳೆಯಬೇಕು. ಏಕೆಂದರೆ ಅದು ನೋಡಲು ಗುಂಡಗಿದ್ದರೂ ನಿಜಕ್ಕೂ ಅಂಡಾಕಾರ, ಮೇಲೆ ಕಿರಿದು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಹುಡುಗನು ಹಾಗೆಯೇ ಅಳೆದನು. ಪಿಸ್ಟನ್ 64.93, ಸಿಲಿಂಡರು 65.00. ಎಡೆ 0.07 ಮಿಲಿಮೀಟರ್, ಬೇಕಾದಷ್ಟೇ. ಅವನು ಗಟ್ಟಿಯಾಗಿ ಹೇಳಿದನು. ಮಾವ ತಲೆದೂಗಿ ಮನೆಗೆ ಹೋದರು. ಶುಕ್ರವಾರ ಜೋಡಣೆ, ಆಮೇಲೆ ಶನಿವಾರದವರೆಗೆ ಮೆಲ್ಲಗೆ ಓಡಿಸಿ ಹದಮಾಡುವುದು, ಭಾನುವಾರ ಓಟ.

ಶುಕ್ರವಾರ ಬೆಳಗ್ಗೆ ಮಾವ ಬರುವ ಮೊದಲೇ ಹುಡುಗನು ಅಂಗಡಿ ತೆರೆದನು. ಸಿಲಿಂಡರು ಕೈಗೆ ತಣ್ಣಗೆ ತಾಕಿತು. ಹಿಂದಿನ ಸಂಜೆ ಅದು ಬೆಚ್ಚಗಿತ್ತೆಂಬುದು ಆಗ ನೆನಪಾಯಿತು. ಸಾಣೆಯ ಉಜ್ಜಾಟಕ್ಕೆ ಸಿಲಿಂಡರು ಕಾಯ್ದಿತ್ತು, ಕಾಯ್ದದ್ದು ಹಿಗ್ಗಿತ್ತು, ಹಿಗ್ಗಿದ್ದನ್ನು ಅವನು ಅಳೆದಿದ್ದನು. 30 ಡಿಗ್ರಿಯ ಬಿಸಿಗೆ 65 ಮಿಲಿಮೀಟರಿನ ಕಬ್ಬಿಣದ ಕೊಳವೆ 0.02ರಷ್ಟು ಹಿಗ್ಗುತ್ತದೆ. ಗೇಜನ್ನು ಇಳಿಸಿ ನೋಡಿದನು: 64.98. ಎಡೆ 0.05.

ಎರಡು ಶತಾಂಶ. ಮಾವನ ಕಣ್ಣಿಗೆ ಅದು ಕಾಣದು. ನಿನ್ನೆ ಹೇಳಿದ ಅಂಕಿಯನ್ನು ಅವರು ಒಪ್ಪಿಯಾಗಿದೆ. ತಿದ್ದಬೇಕಾದರೆ ಮತ್ತೆ ಸಾಣೆ ಹಿಡಿಯಬೇಕು, ಮತ್ತೆ ಒಂದು ರಾತ್ರಿ ಆರಲು ಬಿಡಬೇಕು. ಹದಮಾಡಲು ಸಮಯವಿರದು, ಭಾನುವಾರ ಕೈತಪ್ಪಿದಂತೆಯೇ. ಓಡುವವನು ತಾನೇ, ಬೀಳುವುದಾದರೂ ತಾನೇ ಎಂಬ ಯೋಚನೆಯೂ ಬಂತು. ಆದರೆ ಆ ಗೂಡಿನಲ್ಲಿದ್ದ ಫೋರ್ಜ್ಡ್ ಪಿಸ್ಟನ್ ಅವನನ್ನೇ ನೋಡುತ್ತಿದ್ದಂತಿತ್ತು. ಅದನ್ನು ಕೊಂಡದ್ದು ಅರಿಯದೆ ಆದ ತಪ್ಪು. ಇದು ಅರಿತೂ ಆಗುವಂಥದ್ದು. ಬೀದಿಯಲ್ಲಿ ಕುಂಟುತ್ತ ಹೋಗುವವನ ನಮಸ್ಕಾರವೂ ನೆನಪಿಗೆ ಬಂತು. ಮಾವ ಅಂದು ಅನುಮಾನವಿದ್ದೂ ಸುಮ್ಮನಿದ್ದರು. ತನಗೆ ಅನುಮಾನವೂ ಉಳಿದಿಲ್ಲ, ಅಂಕಿ ಕಣ್ಣೆದುರಿಗಿದೆ.

ಮಾವ ಬಂದು ಮುಖ ತೊಳೆಯುವವರೆಗೆ ಕಾದು, “ಮಾವಾ, ನಿನ್ನೆ ಬಿಸಿ ಇದ್ದಾಗ ಅಳೆದೆ. ಎರಡು ಕಡಿಮೆ ಇದೆ” ಎಂದನು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಮೈಕ್ರೋಮೀಟರನ್ನು ಒರೆಸಿ ಅದರ ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅಳಿಯನ ಕಡೆಗೆ ಸರಿಸಿದರು. “ಇನ್ಮೇಲೆ ಇದು ನಿನ್ನ ಹತ್ರಾನೇ ಇರಲಿ” ಎಂದಷ್ಟೇ ಹೇಳಿ ಸಾಣೆಯ ಎಣ್ಣೆಯನ್ನು ಹುಡುಕಹೋದರು.

ಭಾನುವಾರ ಕಳೆದುಹೋಯಿತು. ಗೆಳೆಯರು ಓಡಿ ಬಂದು ಚಿತ್ರಗಳನ್ನು ಕಳಿಸಿದರು. ಸೋಮವಾರ ಹುಡುಗನು ಪೆಟ್ರೋಲಿಗೆ ಎಣ್ಣೆಯನ್ನು ತುಸು ಹೆಚ್ಚಾಗಿಯೇ ಬೆರೆಸಿ, ಹೊಸ ಎಂಜಿನ್ನನ್ನು ಹದಮಾಡುತ್ತ ಊರಿಗೆ ಹೊರಟನು. ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಪಾವಗಡದಿಂದ ಮಡಕಶಿರ. ಆಂಧ್ರದಲ್ಲಿ ಹೊರಟವನು ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರವನ್ನು ಸೇರುವ ದಾರಿ ಅದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಉಳಿದವು ಮೈಸೂರಿಗೆ ಸೇರಿದವು. ಮಡಕಶಿರ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೊರಗಿನ ಸಿಲಿಂಡರು ಯಾವುದೇ ಆದರೂ ಒಳಗಿನ ಮಾತು ಕನ್ನಡವಾಗಿಯೇ ಉಳಿದ ಮನೆಗಳು ಆ ದಾರಿಯುದ್ದಕ್ಕೂ ಇವೆ.

ಅವನು ಗಂಟೆಗೆ 40 ಕಿಲೋಮೀಟರನ್ನು ಮೀರಲಿಲ್ಲ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಹುಣಸೆಮರದ ನೆರಳಿನಲ್ಲಿ ಎಂಜಿನ್ನು ಆರುವವರೆಗೆ ಕುಳಿತನು. ಪಾವಗಡದ ಹತ್ತಿರ ಇಳಿಜಾರು ಬಂದಾಗ ಎಡಗೈಯ ಎರಡು ಬೆರಳುಗಳು ತಾವಾಗಿಯೇ ಕ್ಲಚ್ಚಿನ ಮೇಲೆ ಹೋದವು. ಆ್ಯಕ್ಸಿಲರೇಟರನ್ನು ಪೂರ್ತಿ ಮುಚ್ಚದೆ ತುಸು ತೆರೆದಿಟ್ಟನು. ಎಂಜಿನ್ನು ಎಲ್ಲಿಯೂ ಬಿಗಿಯಲಿಲ್ಲ. ಚೀಲದಲ್ಲಿ ಎರಡು ಪುಸ್ತಕಗಳ ನಡುವೆ ಮೈಕ್ರೋಮೀಟರಿನ ಮರದ ಪೆಟ್ಟಿಗೆಯಿತ್ತು. ಬಿ.ಎಡ್. ಪ್ರವೇಶದ ಅರ್ಜಿಯೂ ಅದರ ಪಕ್ಕದಲ್ಲಿಯೇ ಇತ್ತು.